ನಾಲ್ವರಿಗೊಂದು ನೋಟುಬುಕ್ಕು

ಡೊಂಬಿವಲಿಯ ಕನ್ನಡಿಗರ ಮಕ್ಕಳಿಗೆ ಮನೆಯೊಳಗೆ ಕನ್ನಡವೋ ತುಳುವೋ, ಕಟ್ಟಡದ ಕೆಳಗೆ ಆಡುವಾಗ ಮರಾಠಿ, ಲೋಕಲ್ ಟ್ರೈನಿನಲ್ಲಿ ಹಿಂದಿ. ಇಂಗ್ಲಿಷ್ ಮಾತ್ರ ಶಾಲೆಯ ನೋಟುಬುಕ್ಕಿನಿಂದಲೇ ಬರಬೇಕು. 2000ದಿಂದ ಮಹಾರಾಷ್ಟ್ರದಲ್ಲಿ ಬೇರೆ ಮಾಧ್ಯಮದ ಮಕ್ಕಳಿಗೂ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂತು. ಆ ನೋಟುಬುಕ್ಕನ್ನು ನಾಲ್ವರ ನಡುವೆ ಇಟ್ಟು ‘ಕೂಡಿ ಬರೆಯಿರಿ’ ಎನ್ನುವ ಪದ್ಧತಿಯ ಜಾಡು ಹಿಡಿದರೆ, ಮೊದಲು ಸಿಗುವುದು ಅದನ್ನು ಒಪ್ಪದ ಒಬ್ಬ ದೊಡ್ಡ ಶಿಕ್ಷಣತಜ್ಞ.

ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣದ ಶಾಲೆಗಳಲ್ಲಿ ವ್ಯಾಕರಣದ ಪಾಠ ಬದಿಗಿಟ್ಟರು. ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆ ಹರಡಿ, ಲೆಕ್ಕ ಬಿಡಿಸುತ್ತಲೇ ಭಾಷೆ ಕಲಿಯಲಿ ಎಂದರು. ಜಗತ್ತು ಇದನ್ನು ಬೆಂಗಳೂರು ಪ್ರಾಜೆಕ್ಟ್ ಎಂದು ಕರೆಯಿತು. ಆದರೆ ಗುಂಪುಕೆಲಸಕ್ಕೆ ಪ್ರಭು ಒಲವು ತೋರಲಿಲ್ಲ. ಮಕ್ಕಳು ಒಬ್ಬರಿಂದೊಬ್ಬರು ತಪ್ಪು ಇಂಗ್ಲಿಷನ್ನೇ ಕಲಿತು ಗಟ್ಟಿ ಮಾಡಿಕೊಂಡಾರು ಎಂಬ ಅಂಜಿಕೆ ಅವರದು. ಹುರುಳಿರುವ ಅಂಜಿಕೆಯೇ.

ಅದಕ್ಕೆ ನನಗೆ ಸಮಾಧಾನ ತಂದ ಉತ್ತರ ಕಾಸರಗೋಡಿನ ಕಡೆಯದು. 1990ರ ದಶಕದಲ್ಲಿ ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕೇರಳದಲ್ಲಿ ಮೊದಲು ಕಾಲಿಟ್ಟ ಜಿಲ್ಲೆಗಳಲ್ಲಿ ಕಾಸರಗೋಡೂ ಒಂದು. ಮುಂದೆ ಭಾಷಾವಿಜ್ಞಾನಿ ಕೆ. ಎನ್. ಆನಂದನ್ ಅವರ ಚಿಂತನೆಯಿಂದ ಕೇರಳದ ಇಂಗ್ಲಿಷ್ ತರಗತಿಯ ಸ್ವರೂಪವೇ ಬದಲಾಯಿತು. ಅಲ್ಲಿನ ಪಠ್ಯಕ್ರಮವೇ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ. ಈ ಕ್ರಮದಲ್ಲಿ ಡೈರಿಯನ್ನೋ ಸಂಭಾಷಣೆಯನ್ನೋ ಪ್ರತಿ ಮಗುವೂ ಮೊದಲು ತಾನೇ ಬರೆಯಬೇಕು. ಆಮೇಲೆ ಗುಂಪಿನಲ್ಲಿ ಓದಿ, ಎಲ್ಲರದ್ದನ್ನೂ ಸೇರಿಸಿ ಒಂದು ಬರಹ. ಅದಾದ ಮೇಲೆ ಶಿಕ್ಷಕರು ತಮ್ಮ ಬರಹವನ್ನು ಮುಂದಿಡುತ್ತಾರೆ. ಒಂದು ಗುಂಪಿನ ಬರಹವನ್ನು ಇಡೀ ತರಗತಿ ತಿದ್ದುತ್ತದೆ: ಮೊದಲು ಹುರುಳು, ಬಳಿಕ ವಾಕ್ಯ, ಆಮೇಲೆ ಪದರೂಪ, ಕಡೆಗೆ ಕಾಗುಣಿತ. ಪ್ರಭು ಅಂಜಿದ ತಪ್ಪು ಇಲ್ಲಿ ಗುಂಪಿನೊಳಗೇ ಉಳಿಯುವುದಿಲ್ಲ, ಬೋರ್ಡಿಗೆ ಬರುತ್ತದೆ.

ಅರವತ್ತು ಮಕ್ಕಳ ತರಗತಿಯಲ್ಲಿ ಅರವತ್ತು ನೋಟುಬುಕ್ಕು ತಿದ್ದಿ ದಣಿಯುವ ಟೀಚರಿಗೆ ನಾಲ್ವರಿಗೊಂದರಂತೆ ಹದಿನೈದು ಬರಹ ಬಂದರೆ, ಒಂದೊಂದರ ಬಳಿಯೂ ಕೂರುವಷ್ಟು ಹೊತ್ತು ಸಿಗುತ್ತದೆ.

ಠಾಣೆ, ಕಲ್ಯಾಣ, ನವಿ ಮುಂಬಯಿಯ ತರಗತಿಗಳಿಗೆ ಇದು ಕಾಸರಗೋಡಿಗಿಂತಲೂ ಹೆಚ್ಚು ಒಗ್ಗಬೇಕು. ನಾಲ್ವರಿಗೆ ನಾಲ್ಕು ಮನೆಮಾತಿರಬಹುದು. ಯಾವ ಪದ ಸರಿ ಎಂದು ಮರಾಠಿಯಲ್ಲೋ ಹಿಂದಿಯಲ್ಲೋ ಜಗಳವಾಡುವಾಗಲೇ ಇಂಗ್ಲಿಷ್ ವಾಕ್ಯ ಕೂಡಿಬರುತ್ತದೆ. ಬೇರೆ ಭಾಷೆ ಆಡಬೇಡಿ ಎಂದು ಬಾಯಿ ಕಟ್ಟಿದರೆ, ಇಂಗ್ಲಿಷ್ ಬಲ್ಲ ಒಬ್ಬಳೇ ಬರೆಯುತ್ತಾಳೆ. ಉಳಿದ ಮೂವರು ಅವಳ ಪೆನ್ನು ನೋಡುತ್ತಾ ಕೂರುತ್ತಾರೆ.