ನೀರೊಳಗೆ ಫೋಟೋ ತೆಗೆಯಲಿಕ್ಕೆ ಯಾವ ಕ್ಯಾಮರಾ ಬೇಕು?



ಕಳೆದ ಮಳೆಗಾಲದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು: "ಮಾಷ್ಟ್ರೇ, ನೀರಿನ ಒಳಗೆ ಫೋಟೋ ತೆಗೆಯಲಿಕ್ಕೆ ಯಾವ ಕ್ಯಾಮರಾ ಒಳ್ಳೆಯದು?" ಶಾಸ್ತ್ರೋತ್ಸವಕ್ಕೆ ಅವಳ ಗುಂಪು ನಮ್ಮ ಪದವಿನ ಮೇಲಿನ ಪಳ್ಳದ ಜೀವಿಗಳ ಬಗ್ಗೆ ಪ್ರಾಜೆಕ್ಟ್ ಮಾಡುವುದಿತ್ತು. ಮುರಕಲ್ಲಿನ ತಗ್ಗಿನಲ್ಲಿ ಮಳೆನೀರು ನಿಂತು ಆಗುವ ಪಳ್ಳ ನಿಮ್ಮಲ್ಲಿ ಹಲವರಿಗೆ ಗೊತ್ತುಂಟು. ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುವ ಜಾಗ, ಆಷಾಢದಲ್ಲಿ ಗೊದಮೊಟ್ಟೆ, ನೀರಿನ ಹುಳ, ಸಣ್ಣ ಸಸ್ಯಗಳಿಂದ ತುಂಬಿಹೋಗಿರುತ್ತದೆ.

ನಾನು ತಕ್ಷಣ ಉತ್ತರ ಕೊಡಲಿಲ್ಲ. ಯಾಕೆಂದರೆ ಈ ವಿಷಯದಲ್ಲಿ ಪೆಟ್ಟು ತಿಂದವನು ನಾನೇ. ಎರಡು ವರ್ಷದ ಹಿಂದೆ ಫೋನನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚೆನ್ನಾಗಿ ಮುಚ್ಚಿದೆ ಅಂದುಕೊಂಡು, ತೋಡಿನಲ್ಲಿ ಮುಳುಗಿಸಿದೆ. ಚೀಲದ ಬಾಯಲ್ಲಿ ಒಂದು ತಲೆಕೂದಲು ಸಿಕ್ಕಿಕೊಂಡಿತ್ತು. ಅಷ್ಟೇ ಸಾಕಾಯಿತು. ಫೋನು ಹೋಯಿತು ಅನ್ನುವುದಕ್ಕಿಂತ ದೊಡ್ಡ ಸಂಕಟ ಬೇರೆ ಇತ್ತು. ಮಕ್ಕಳು ವಾರ ವಾರ ಬಂದು ತೆಗೆದಿದ್ದ ಇಡೀ ಮಳೆಗಾಲದ ಫೋಟೋಗಳು ಅದರಲ್ಲಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

ಹಾಗಾಗಿ ಅವಳಿಗೆ ನಾನು ಮೂರು ಮರುಪ್ರಶ್ನೆ ಕೇಳಿದೆ. ಎಷ್ಟು ಆಳ? ನೀರು ಎಷ್ಟು ತಿಳಿ? ಯಾವ ಜೀವಿ, ಎಷ್ಟು ದೊಡ್ಡದು? ಕ್ಯಾಮರಾದ ಹೆಸರು ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ. ಯಾಕೆ ಅಂತ ಒಂದೊಂದಾಗಿ ನೋಡುವಾ.

ಆಳ ಅಂದರೆ ಒತ್ತಡ

ನೀರಿನೊಳಗೆ ಪ್ರತಿ 10 ಮೀಟರ್ ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ತೂಕ. ನಿಮ್ಮ ಮನೆಯ ಫೋನನ್ನು ಅಳೆಯಿರಿ. 15 ಸೆಂ.ಮೀ. ಉದ್ದ, 7 ಸೆಂ.ಮೀ. ಅಗಲ ಇದ್ದರೆ ಮುಖದ ವಿಸ್ತೀರ್ಣ 105 ಚದರ ಸೆಂ.ಮೀ. ಒಂದೇ ಮೀಟರ್ ಆಳದಲ್ಲಿ ಅದರ ಮೇಲೆ ಹೆಚ್ಚುವರಿಯಾಗಿ ಹತ್ತು ಕಿಲೋ ಅಕ್ಕಿ ಇಟ್ಟಷ್ಟು ಬಲ ಬೀಳುತ್ತದೆ. 10 ಮೀಟರಿನಲ್ಲಿ ನೂರು ಕಿಲೋದಷ್ಟು! ಸಣ್ಣ ಸಂದು ಸಿಕ್ಕಿದರೆ ನೀರು ನುಗ್ಗುವುದು ಈ ಬಲದಿಂದಲೇ.

ಫೋನಿನ ಪೆಟ್ಟಿಗೆಯಲ್ಲಿ "ಐಪಿ 68" ಅಂತ ಬರೆದಿರುವುದನ್ನು ನೋಡಿರಬಹುದು. ಮೊದಲ ಅಂಕೆ 6, ಧೂಳು ಒಳಗೆ ಹೋಗುವುದಿಲ್ಲ ಎಂಬುದಕ್ಕೆ. ಎರಡನೇ ಅಂಕೆ ನೀರಿಗೆ. 7 ಇದ್ದರೆ ಒಂದು ಮೀಟರ್ ಆಳದಲ್ಲಿ 30 ನಿಮಿಷ ತಡೆಯುತ್ತದೆ. 8 ಇದ್ದರೆ ಅದಕ್ಕಿಂತಲೂ ಕಠಿಣ ಪರೀಕ್ಷೆ, ಎಷ್ಟು ಆಳ ಎಷ್ಟು ಹೊತ್ತು ಎಂಬುದನ್ನು ತಯಾರಕರೇ ಹೇಳುತ್ತಾರೆ. ಆದರೆ ಒಂದು ಮಾತು ನೆನಪಿಡಿ: ಈ ಪರೀಕ್ಷೆ ನಡೆಯುವುದು ಹೊಸ ಫೋನಿನಲ್ಲಿ, ನಿಂತ ಸಿಹಿನೀರಿನಲ್ಲಿ. ಸಮುದ್ರದ ಉಪ್ಪುನೀರು, ಸೋಪಿನ ನೀರು ಆ ಲೆಕ್ಕದಲ್ಲಿ ಬರುವುದಿಲ್ಲ. ಒಮ್ಮೆ ಕೆಳಗೆ ಬಿದ್ದ ಅಥವಾ ರಿಪೇರಿಗೆ ಬಿಚ್ಚಿದ ಫೋನಿನ ಅಂಟು ಮೊದಲಿನಂತೆ ಇರುವುದಿಲ್ಲ. ನೀರಿನಿಂದ ಹಾಳಾದರೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಅಪ್ಪ ಅಮ್ಮನ ಫೋನು ತೆಗೆದುಕೊಂಡು ಹೊರಡುವ ಮೊದಲು ಇದನ್ನು ಎರಡು ಸಲ ಓದಿ.

ಬಣ್ಣ ಎಲ್ಲಿಗೆ ಹೋಯಿತು?

ನೀರು ಬೆಳಕನ್ನು ಹೀರುತ್ತದೆ, ಆದರೆ ಎಲ್ಲ ಬಣ್ಣಗಳನ್ನು ಸಮನಾಗಿ ಅಲ್ಲ. ಮೊದಲು ಮಾಯವಾಗುವುದು ಕೆಂಪು. ತಿಳಿಯಾದ ಸಮುದ್ರದಲ್ಲೂ ಸುಮಾರು ಐದು ಮೀಟರ್ ಇಳಿದರೆ ಕೆಂಪಿನ ಹೆಚ್ಚಿನ ಪಾಲು ಹೋಗಿರುತ್ತದೆ. ಆಮೇಲೆ ಕಿತ್ತಳೆ, ಹಳದಿ. ಕೊನೆಗೆ ಉಳಿಯುವುದು ನೀಲಿ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮುಳುಗುಗಾರರು ತೆಗೆದ ಫೋಟೋಗಳಲ್ಲಿ ಕೆಲವು ಬರೀ ನೀಲಿಯಾಗಿ, ಕೆಲವು ಬಣ್ಣಬಣ್ಣವಾಗಿ ಕಾಣುವುದು ಇದಕ್ಕೇ. ಎರಡನೆಯ ರೀತಿಯ ಫೋಟೋದಲ್ಲಿ ಅವರು ತಮ್ಮದೇ ಬೆಳಕನ್ನು ಹತ್ತಿರದಿಂದ ಬಿಟ್ಟಿರುತ್ತಾರೆ.

ಬೆಳಕು ನೀರಿನಲ್ಲಿ ನಡೆಯುವ ಒಟ್ಟು ದಾರಿ ಲೆಕ್ಕಕ್ಕೆ ಬರುತ್ತದೆ. ಮೇಲಿನಿಂದ ಜೀವಿಯವರೆಗೆ ಬರುವ ದಾರಿಯಷ್ಟೇ ಅಲ್ಲ, ಜೀವಿಯಿಂದ ಕ್ಯಾಮರಾದವರೆಗಿನದೂ ಸೇರಬೇಕು. ಆದ್ದರಿಂದ ಮೊದಲ ನಿಯಮ: ಹತ್ತಿರ ಹೋಗಿ. ದೂರದಿಂದ ಜೂಮ್ ಮಾಡಿದರೆ ನಡುವಿನ ನೀರು ಎಲ್ಲಿಗೂ ಹೋಗುವುದಿಲ್ಲ.

ಟಾರ್ಚ್ ಹಿಡಿಯುವಾಗ ಇನ್ನೊಂದು ತೊಂದರೆ ಉಂಟು. ಇದನ್ನು ಮನೆಯಲ್ಲೇ ಮಾಡಿ ನೋಡಿ. ಗಾಜಿನ ಲೋಟದ ನೀರಿಗೆ ಎರಡು ಹನಿ ಹಾಲು ಹಾಕಿ, ಒಳಗೆ ಒಂದು ನಾಣ್ಯ ಲೋಟಕ್ಕೆ ಒರಗಿಸಿ ನಿಲ್ಲಿಸಿ. ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಿ. ಬಿಳಿ ಮಂಜು ಮಾತ್ರ ಕಾಣುತ್ತದೆ. ಈಗ ಟಾರ್ಚನ್ನು ಲೋಟದ ಬದಿಗೆ ತನ್ನಿ. ನಾಣ್ಯ ಹೆಚ್ಚು ಸ್ಪಷ್ಟವಾಗುತ್ತದೆ. ನೀರಿನಲ್ಲಿ ತೇಲುವ ಕಣಗಳು ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತವೆ. ಮಂಜಿನಲ್ಲಿ ಹೆಡ್‌ಲೈಟ್ ಹಾಕಿದ ಬಸ್ಸಿನ ಚಾಲಕನಿಗೆ ಆಗುವುದೂ ಇದೇ. ಹಾಗಾಗಿ ಫೋನಿನ ಫ್ಲ್ಯಾಶ್ ಆಫ್ ಮಾಡಿ. ಬೇಕಾದರೆ ಗೆಳೆಯರೊಬ್ಬರು ಬದಿಯಿಂದ ಟಾರ್ಚ್ ಹಿಡಿಯಲಿ.

ಈ ಬೆಳಕಿನ ಕಷ್ಟ ಹೊಸತಲ್ಲ. ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂತಾಂ 1893ರಲ್ಲಿ ನೀರುಬಿಗಿಯಾದ ಪೆಟ್ಟಿಗೆಯೊಳಗೆ ಕ್ಯಾಮರಾ ಇಟ್ಟು ಸಮುದ್ರದಡಿ ಫೋಟೋ ತೆಗೆದರು. ಬೆಳಕು ಸಾಲದೆ ಮೆಗ್ನೀಸಿಯಂ ಉರಿಸುವ ದೀಪವನ್ನೂ ಬಳಸಿದರು. ಬಿಗಿಯಾದ ಪೆಟ್ಟಿಗೆ, ಸಾಕಷ್ಟು ಬೆಳಕು: ಇವತ್ತಿಗೂ ಬೇಕಾದ್ದು ಇವೇ ಎರಡು.

ಮೀನು ದೊಡ್ಡದಾದ ಕಥೆ

ಪಾಠದಲ್ಲಿ ವಕ್ರೀಭವನ ಓದಿದ್ದೀರಲ್ಲ? ನೀರಿನ ವಕ್ರೀಭವನ ಸೂಚ್ಯಂಕ 1.33. ಚಪ್ಪಟೆ ಗಾಜಿನ ಹಿಂದಿನಿಂದ ನೇರವಾಗಿ ನೋಡುವಾಗ 40 ಸೆಂ.ಮೀ. ದೂರದ ಮೀನು ಸುಮಾರು 30 ಸೆಂ.ಮೀ. ದೂರದಲ್ಲಿ ಇದ್ದಂತೆ ತೋರುತ್ತದೆ. ಆದ್ದರಿಂದ ಚಿತ್ರದಲ್ಲಿ ದೊಡ್ಡದಾಗಿಯೂ ಕಾಣುತ್ತದೆ. ಕ್ಯಾಮರಾಕ್ಕೆ ಕಾಣುವ ಹರವು ಅಷ್ಟೇ ಕಿರಿದಾಗುತ್ತದೆ. ಹರವು ಮರಳಿ ಸಿಗಬೇಕು ಅಂತಲೇ ದೊಡ್ಡ ಕ್ಯಾಮರಾಗಳ ಪೆಟ್ಟಿಗೆಗೆ ಗುಮ್ಮಟದ ಆಕಾರದ ಗಾಜು ಹಾಕುತ್ತಾರೆ. ಗೊದಮೊಟ್ಟೆಯಂಥ ಸಣ್ಣ ಜೀವಿಗೆ ಚಪ್ಪಟೆ ಗಾಜು ಸಾಕು.

ಹಾಗಾದರೆ ಯಾವುದು ಆರಿಸುವುದು?

ಮೊಣಕಾಲಿನವರೆಗಿನ ತಿಳಿನೀರಿಗೆ ನನ್ನ ಮೊದಲ ಆಯ್ಕೆ ಸಣ್ಣ ಮೀನುತೊಟ್ಟಿ. ಮನೆಯಲ್ಲಿ ಮೂಲೆ ಸೇರಿದ ಗಾಜಿನ ಪೆಟ್ಟಿಗೆಯಾದರೂ ಸರಿ, ಒಡಕಿಲ್ಲದೆ ಇದ್ದರೆ ಆಯಿತು. ಅಂಚಿನಲ್ಲಿ ಕೈ ಕೊಯ್ಯದಂತೆ ಟೇಪ್ ಸುತ್ತಿ. ಖಾಲಿ ಪೆಟ್ಟಿಗೆಯನ್ನು ನೀರಿನ ಮೇಲೆ ಒತ್ತಿ ಹಿಡಿದು, ಒಳಗೆ ಫೋನನ್ನು ಬದಿಯ ಗಾಜಿಗೆ ತಾಗಿಸಿ ಫೋಟೋ ತೆಗೆಯಿರಿ. ಫೋನು ಒದ್ದೆಯಾಗುವುದೇ ಇಲ್ಲ, ಆದರೆ ಚಿತ್ರ ನೀರೊಳಗಿನದು. ಪೆಟ್ಟಿಗೆ ಚಿಕ್ಕದಿರಲಿ. ತಳ 20 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲವಿರುವುದನ್ನು 10 ಸೆಂ.ಮೀ. ಮುಳುಗಿಸಿದರೆ ನಾಲ್ಕು ಲೀಟರ್ ನೀರು ಸರಿಯುತ್ತದೆ. ಆರ್ಕಿಮಿಡೀಸರ ಪ್ರಕಾರ ನಾಲ್ಕು ಕಿಲೋ ತೂಕದಷ್ಟು ಬಲ ಅದನ್ನು ಮೇಲಕ್ಕೆ ದೂಡುತ್ತದೆ. ಒಬ್ಬರು ಎರಡೂ ಕೈಯಲ್ಲಿ ಪೆಟ್ಟಿಗೆ ಹಿಡಿಯಬೇಕು, ಇನ್ನೊಬ್ಬರು ಫೋಟೋ ತೆಗೆಯಬೇಕು.

ಪ್ಲಾಸ್ಟಿಕ್ ಚೀಲ ಕಡಿಮೆ ಖರ್ಚಿನದು, ಆದರೆ ನಂಬಿಕೆ ಪರೀಕ್ಷೆಯ ನಂತರ. ಒಳಗೆ ಟಿಶ್ಯೂ ಕಾಗದ ಮತ್ತು ಒಂದು ಕಲ್ಲು ಇಟ್ಟು ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿ. ಕಾಗದ ಒಣಗಿದ್ದರೆ ಮಾತ್ರ ಫೋನು. ನಾನು ಮಾಡದೆ ಬಿಟ್ಟದ್ದು ಈ ಅರ್ಧ ಗಂಟೆಯ ಕೆಲಸ. ಟಚ್‌ಸ್ಕ್ರೀನ್ ನೀರೊಳಗೆ ಬೆರಳಿನ ಮಾತು ಸರಿಯಾಗಿ ಕೇಳುವುದಿಲ್ಲ; ವಾಲ್ಯೂಮ್ ಗುಂಡಿಯಿಂದ ಫೋಟೋ ತೆಗೆಯಿರಿ, ಇಲ್ಲವೇ ವಿಡಿಯೋ ಆನ್ ಮಾಡಿಯೇ ಇಳಿಸಿ.

ಈಜುಕೊಳ, ಸಮುದ್ರ ಅಂತಾದರೆ ಆ್ಯಕ್ಷನ್ ಕ್ಯಾಮರಾ. ಗೋಪ್ರೋದ ಹಲವು ಮಾದರಿಗಳು ಬೇರೆ ಪೆಟ್ಟಿಗೆ ಇಲ್ಲದೆ 10 ಮೀಟರಿನವರೆಗೆ ಹೋಗುತ್ತವೆ. ಇವು ವಿಶಾಲ ನೋಟಕ್ಕೆ ಒಳ್ಳೆಯವು, ತೀರಾ ಹತ್ತಿರದ ಹುಳಕ್ಕೆ ಅಲ್ಲ. ಸಣ್ಣ ಜೀವಿಗಳಿಗೆ ಒಲಿಂಪಸ್ ಟಿಜಿ-6ರಂಥ ನೀರುಬಿಗಿ ಕ್ಯಾಮರಾ ಉತ್ತಮ. ಅದು 15 ಮೀಟರ್ ತಡೆಯುತ್ತದೆ, ಬಹಳ ಹತ್ತಿರದಿಂದ ಫೋಕಸ್ ಮಾಡುತ್ತದೆ. ಇವೆಲ್ಲ ಹತ್ತಾರು ಸಾವಿರ ರೂಪಾಯಿಯ ವಸ್ತುಗಳು. ಶಾಲೆಗೆ ಒಂದಿದ್ದರೆ ಸಂತೋಷ, ಇಲ್ಲದಿದ್ದರೆ ಬೇಸರ ಬೇಡ. ಇಂಥ ಕ್ಯಾಮರಾಗಳ ಬಾಗಿಲಲ್ಲಿ ರಬ್ಬರಿನ ಅಂಚು ಇರುತ್ತದೆ. ಒಂದು ಮರಳಿನ ಕಣ, ಒಂದು ಕೂದಲು ಅಲ್ಲಿ ಕೂತರೆ ಎಲ್ಲ ಮುಗಿಯಿತು. ಮುಚ್ಚುವ ಮೊದಲು ಒರೆಸಿ. ಸಮುದ್ರದಿಂದ ಬಂದ ಮೇಲೆ ಸಿಹಿನೀರಿನಲ್ಲಿ ನೆನೆಸಿ ತೊಳೆಯಿರಿ.

ಕ್ಯಾಮರಾಕ್ಕಿಂತ ಮೊದಲು

ಫೋಟೋಕ್ಕಾಗಿ ಯಾರೂ ಒಬ್ಬರೇ ನೀರಿಗೆ ಇಳಿಯಬಾರದು. ಕೆಂಪುಕಲ್ಲು ಕಡಿದು ಬಿಟ್ಟ ಕೋರೆಯ ಹೊಂಡಗಳ ಹತ್ತಿರವೂ ಹೋಗಬೇಡಿ. ಮಳೆಗಾಲದಲ್ಲಿ ಅವು ಪಳ್ಳದಂತೆಯೇ ಶಾಂತವಾಗಿ ಕಾಣುತ್ತವೆ. ಆದರೆ ಗೋಡೆ ನೆಟ್ಟಗೆ, ಆಳ ಗೊತ್ತಾಗುವುದಿಲ್ಲ, ಹತ್ತಲು ಹಿಡಿತವಿಲ್ಲ. ಜೋರು ಮಳೆಯ ದಿನ ತೋಡೂ ಬೇಡ. ದೊಡ್ಡವರು ಜೊತೆಗಿರಲಿ, ನೀರು ಮೊಣಕಾಲಿಗಿಂತ ಕೆಳಗಿರಲಿ. ಕಲ್ಲು ಮಗುಚಿದರೆ ಮೊದಲಿನಂತೆಯೇ ಇಡಿ, ಅದು ಯಾರದ್ದೋ ಮನೆ.

ಆ ಹುಡುಗಿಯ ಗುಂಪು ಕೊನೆಗೆ ಮೀನುತೊಟ್ಟಿಯನ್ನೇ ಆರಿಸಿತು. ಮೊದಲ ದಿನದ ಫೋಟೋಗಳು ಮಸುಕು; ಅವರೇ ಕೆಸರು ಕಲಕಿದ್ದರು. ಎರಡನೇ ದಿನ ಅಲುಗಾಡದೆ ಹತ್ತು ನಿಮಿಷ ಕಾದರು. ಹಿಂಗಾಲು ಮೂಡಿದ ಒಂದು ಗೊದಮೊಟ್ಟೆ ಗಾಜಿನ ಹತ್ತಿರವೇ ಬಂತು. ಅವಳು ಅದರ ಉದ್ದವನ್ನು ಕಣ್ಣಂದಾಜಿನಲ್ಲಿ ನಾಲ್ಕು ಸೆಂ.ಮೀ. ಅಂತ ಬರೆದಿದ್ದಳು. ಮಾರನೇ ದಿನ ಪ್ಲಾಸ್ಟಿಕ್ ಸ್ಕೇಲನ್ನು ನೀರಿನಲ್ಲಿ ಅಷ್ಟೇ ದೂರದಲ್ಲಿ ನಿಲ್ಲಿಸಿ ತೆಗೆದಾಗ ಮೂರೇ ಇತ್ತು. ಪುಸ್ತಕದಲ್ಲಿ ಹಳೆಯ ಅಂಕೆಯನ್ನು ಅಳಿಸಲಿಲ್ಲ. ಅಡ್ಡಗೆರೆ ಎಳೆದು ಪಕ್ಕದಲ್ಲಿ "ವಕ್ರೀಭವನ" ಅಂತ ಬರೆದಳು.

ನೀವೂ ಸ್ಕೇಲ್ ಮರೆಯಬೇಡಿ. ಮತ್ತೆ, ಸಂಜೆ ಮನೆಗೆ ಬಂದ ಕೂಡಲೇ ಫೋಟೋಗಳ ಇನ್ನೊಂದು ಪ್ರತಿ ಮಾಡಿ ಇಡಿ, ಆಯಿತಾ?