ಪೋಕ್ಸೊ ನ್ಯಾಯಾಲಯಕ್ಕೆ 75 ಲಕ್ಷ. ಮಗುವಿನ ಜೊತೆ ನಿಲ್ಲುವವರಿಗೆ ಎಷ್ಟು?

ಬೆಂಗಳೂರು: ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು ತನಗಾದುದನ್ನು ಎಷ್ಟು ಬಾರಿ ಹೇಳಬೇಕು? ಮೊದಲು ತಾಯಿಗೆ. ನಂತರ ಪೊಲೀಸರಿಗೆ, ವೈದ್ಯರಿಗೆ, ಮಕ್ಕಳ ಕಲ್ಯಾಣ ಸಮಿತಿಗೆ, ಮ್ಯಾಜಿಸ್ಟ್ರೇಟರಿಗೆ. ಕೊನೆಗೆ ವಿಶೇಷ ನ್ಯಾಯಾಲಯದಲ್ಲಿ. ಅಲ್ಲಿಗೆ ತಲುಪುವ ವೇಳೆಗೆ ವರ್ಷಗಳೇ ಉರುಳಿರಬಹುದು. ಇಂತಹ ಪ್ರಕರಣಗಳ ನಿರ್ವಹಣೆ ಸುಧಾರಿಸಲೆಂದು ಕೇಂದ್ರ ಸರ್ಕಾರ 2019ರಿಂದ ರಾಜ್ಯಗಳಿಗೆ ಅನುದಾನ ನೀಡುತ್ತ ಬಂದಿದೆ. ಆದರೆ ಈ ಹಣದ ಬಹುಪಾಲು ಸಲ್ಲುವುದು ಮಗು ಹಾಯಬೇಕಾದ ಕೊನೆಯ ಬಾಗಿಲಿಗೆ ಎಂಬುದು ಗಮನಾರ್ಹ.

ಹಣ ಬಂದ ಬಗೆ

ದೆಹಲಿಯಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, 2013ರ ಕೇಂದ್ರ ಬಜೆಟ್‌ನಲ್ಲಿ 1,000 ಕೋಟಿ ರೂ. ಮೂಲಧನದ ನಿರ್ಭಯಾ ನಿಧಿಯನ್ನು ಘೋಷಿಸಲಾಯಿತು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಅದಕ್ಕೂ ಮೊದಲೇ, 2012ರ ನವೆಂಬರ್ 14ರಂದು ಜಾರಿಗೆ ಬಂದಿತ್ತು. ಕಾಯ್ದೆ ವಿಶೇಷ ನ್ಯಾಯಾಲಯಗಳನ್ನು ಕಡ್ಡಾಯಗೊಳಿಸಿತ್ತಾದರೂ, ಬಹುತೇಕ ಕಡೆ ಇರುವ ಸೆಷನ್ಸ್ ನ್ಯಾಯಾಲಯಗಳಿಗೇ ಹೆಚ್ಚುವರಿ ಹೊಣೆ ವಹಿಸಲಾಗಿತ್ತು.

ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳ ಹೆಚ್ಚಳವನ್ನು ಕಂಡು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೆತ್ತಿಕೊಂಡ ಸುಪ್ರೀಂ ಕೋರ್ಟ್, 2019ರ ಜುಲೈ 25ರಂದು ಮಹತ್ವದ ಆದೇಶ ನೀಡಿತು. ನೂರಕ್ಕಿಂತ ಹೆಚ್ಚು ಪೋಕ್ಸೊ ಪ್ರಕರಣಗಳು ಬಾಕಿಯಿರುವ ಪ್ರತಿ ಜಿಲ್ಲೆಯಲ್ಲಿ ಕೇಂದ್ರದ ಹಣದಿಂದ 60 ದಿನಗಳೊಳಗೆ ಪ್ರತ್ಯೇಕ ನ್ಯಾಯಾಲಯ ಸ್ಥಾಪಿಸಬೇಕೆಂದು ಸೂಚಿಸಿತು. ನ್ಯಾಯಾಧೀಶರು ಮತ್ತು ಸಿಬ್ಬಂದಿಯಷ್ಟೇ ಅಲ್ಲದೆ, ವಿಶೇಷ ಸರ್ಕಾರಿ ಅಭಿಯೋಜಕರು, ಮಗುವಿಗೆ ನೆರವಾಗುವ ಬೆಂಬಲ ವ್ಯಕ್ತಿಗಳು ಹಾಗೂ ಮಕ್ಕಳಸ್ನೇಹಿ ಸಾಕ್ಷಿ ಕೊಠಡಿಗಳಿಗೂ ಹಣ ಒದಗಬೇಕೆಂಬುದು ಆ ಆದೇಶದ ಆಶಯವಾಗಿತ್ತು.

ಲೆಕ್ಕ ಏನು ಹೇಳುತ್ತದೆ

ಅದೇ ವರ್ಷದ ಅಕ್ಟೋಬರ್‌ನಲ್ಲಿ ತ್ವರಿತ ವಿಶೇಷ ನ್ಯಾಯಾಲಯಗಳ ಯೋಜನೆ ಆರಂಭವಾಯಿತು. ಒಟ್ಟು 1,023 ನ್ಯಾಯಾಲಯಗಳು. ಅವುಗಳಲ್ಲಿ 389 ಪೋಕ್ಸೊಗೆ ಮಾತ್ರ ಮೀಸಲು. ವೆಚ್ಚ 767.25 ಕೋಟಿ ರೂ. ಎಂದರೆ, ನ್ಯಾಯಾಲಯವೊಂದಕ್ಕೆ ವರ್ಷಕ್ಕೆ 75 ಲಕ್ಷ ರೂ. ಒಬ್ಬ ನ್ಯಾಯಾಧೀಶರು, ಏಳು ಮಂದಿ ಸಿಬ್ಬಂದಿ ಮತ್ತು ದೈನಂದಿನ ಖರ್ಚುಗಳನ್ನು ಇದರಲ್ಲಿ ನಿಭಾಯಿಸಬೇಕು. ವೆಚ್ಚದ 60 ಭಾಗ ಕೇಂದ್ರದ್ದು, 40 ಭಾಗ ರಾಜ್ಯದ್ದು. ಈಶಾನ್ಯ ಹಾಗೂ ಹಿಮಾಲಯದ ರಾಜ್ಯಗಳಿಗೆ ಈ ಪ್ರಮಾಣ 90:10. ಕೇಂದ್ರದ ಪಾಲು ನಿರ್ಭಯಾ ನಿಧಿಯಿಂದ ಬರುತ್ತದೆ.

ಪ್ರತಿ ನ್ಯಾಯಾಲಯ ವರ್ಷಕ್ಕೆ 65ರಿಂದ 165 ಪ್ರಕರಣಗಳನ್ನು ಇತ್ಯರ್ಥಪಡಿಸಬೇಕೆಂಬುದು ನಿರೀಕ್ಷೆ. ಆಗ ಬಾಕಿಯಿದ್ದ ಅತ್ಯಾಚಾರ ಮತ್ತು ಪೋಕ್ಸೊ ಪ್ರಕರಣಗಳು ಸುಮಾರು 1.66 ಲಕ್ಷ. 1,023 ನ್ಯಾಯಾಲಯಗಳೂ ಪೂರ್ಣ ವೇಗದಲ್ಲಿ ನಡೆದರೆ ಒಂದೇ ವರ್ಷದಲ್ಲಿ ಹಳೆಯ ಬಾಕಿ ತೀರುತ್ತದೆ ಎಂಬುದು ಕಾಗದದ ಮೇಲಿನ ಲೆಕ್ಕ. ಹಳೆಯದು ತೀರುವಷ್ಟರಲ್ಲಿ ಹೊಸ ಪ್ರಕರಣಗಳು ಬಂದು ಸೇರುತ್ತವೆ ಎಂಬುದು ಈ ಲೆಕ್ಕದಲ್ಲಿಲ್ಲ.

ನ್ಯಾಯಾಲಯಗಳೂ ಎಣಿಸಿದಷ್ಟು ತೆರೆಯಲಿಲ್ಲ. 2024ರ ಕೊನೆಯ ವೇಳೆಗೆ ಕಾರ್ಯನಿರ್ವಹಿಸುತ್ತಿದ್ದುದು ಸುಮಾರು 750. ಅವುಗಳಲ್ಲಿ ಪೋಕ್ಸೊಗೆ ಮೀಸಲಾದವು 400ಕ್ಕೂ ಹೆಚ್ಚು. ರಾಜ್ಯ ತನ್ನ ಪಾಲು ಕಟ್ಟಬೇಕು, ಹೈಕೋರ್ಟ್ ನ್ಯಾಯಾಧೀಶರನ್ನು ಒದಗಿಸಬೇಕು, ಸ್ಥಳ ಸಿಗಬೇಕು, ಹಣ ಬಳಕೆಯ ಪ್ರಮಾಣಪತ್ರ ದೆಹಲಿಗೆ ಹೋಗಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮುಂದಿನ ಕಂತು ನಿಲ್ಲುತ್ತದೆ. ಒಂದು ವರ್ಷಕ್ಕೆಂದು ಆರಂಭವಾದ ಯೋಜನೆಯನ್ನು ಮೊದಲು 2023ರ ಮಾರ್ಚ್‌ವರೆಗೆ, ಬಳಿಕ 1,952.23 ಕೋಟಿ ರೂ. ವೆಚ್ಚದಲ್ಲಿ 2026ರ ಮಾರ್ಚ್ 31ರವರೆಗೆ ವಿಸ್ತರಿಸಲಾಯಿತು.

ಪ್ರಕರಣ ಸಡಿಲಗೊಳ್ಳುವುದು ಎಲ್ಲಿ?

ಪೋಕ್ಸೊ ಕಾಯ್ದೆಯ 35ನೇ ಕಲಂ ಪ್ರಕಾರ, ನ್ಯಾಯಾಲಯ ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸಿದ 30 ದಿನಗಳೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು. ಸಾಧ್ಯವಾದಷ್ಟೂ ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕು. ಮಗುವನ್ನು ಪದೇ ಪದೇ ನ್ಯಾಯಾಲಯಕ್ಕೆ ಕರೆಸುವಂತಿಲ್ಲ. ಸಾಕ್ಷ್ಯ ಹೇಳುವಾಗ ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ಪಾಟೀ ಸವಾಲಿನ ಪ್ರಶ್ನೆಗಳನ್ನೂ ವಕೀಲರು ನ್ಯಾಯಾಧೀಶರ ಮೂಲಕವೇ ಕೇಳಬೇಕು.

ಈ ಗಡುವಿಗೆ ಕಾರಣವಿದೆ. ಎಂಟು ವರ್ಷದ ಮಗು ಹನ್ನೊಂದನೆಯ ವಯಸ್ಸಿನಲ್ಲಿ ಸಾಕ್ಷಿಕಟ್ಟೆ ಹತ್ತಿದರೆ ನೆನಪು ಮಸುಕಾಗಿರುತ್ತದೆ. ಆರೋಪಿ ಅನೇಕ ವೇಳೆ ಬಂಧುವೋ ನೆರೆಯವನೋ ಆಗಿರುತ್ತಾನೆ. ಅಷ್ಟರಲ್ಲಿ ಸಂಬಂಧಿಕರ ಒತ್ತಡ, ಊರಿನ ಮಾತು, ರಾಜಿಯ ಪ್ರಸ್ತಾಪ ಎಲ್ಲವೂ ಮನೆಗೆ ಬಂದಿರುತ್ತವೆ. ಪ್ರತಿ ವಾಯಿದೆಗೂ ಕೂಲಿ ಬಿಟ್ಟು ಬಸ್ ಹತ್ತುವ ತಾಯಿ ಎಷ್ಟು ಬಾರಿ ಬರಬಲ್ಲಳು? ಕರ್ನಾಟಕದ ಪೋಕ್ಸೊ ವಿಶೇಷ ನ್ಯಾಯಾಲಯಗಳ ಕುರಿತು ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳ ಮತ್ತು ಕಾನೂನು ಕೇಂದ್ರ 2017ರಲ್ಲಿ ವರದಿ ಪ್ರಕಟಿಸಿತು. ಬಹುಪಾಲು ಪ್ರಕರಣಗಳು ಖುಲಾಸೆಯಲ್ಲಿ ಮುಗಿದುದನ್ನೂ, ಮಗು ಅಥವಾ ಕುಟುಂಬದವರು ಪ್ರತಿಕೂಲ ಸಾಕ್ಷಿಗಳಾದುದನ್ನೂ ಅದು ದಾಖಲಿಸಿತ್ತು.

ಮೊದಲ ಹೇಳಿಕೆ ಮತ್ತು ಸಾಕ್ಷ್ಯ ಸಂಗ್ರಹ ಸರಿಯಾಗಿರದಿದ್ದರೆ ಎಷ್ಟೇ ಸುಸಜ್ಜಿತ ನ್ಯಾಯಾಲಯವೂ ಅದನ್ನು ತುಂಬಿಕೊಡಲಾರದು. ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಸಮವಸ್ತ್ರ ಧರಿಸದೆ ಪಡೆಯಬೇಕೆಂದು 24ನೇ ಕಲಂ ಹೇಳುತ್ತದೆ. ಠಾಣೆಯಲ್ಲಿ ಅಂತಹ ಅಧಿಕಾರಿಯೇ ಇಲ್ಲದಿದ್ದರೆ ಕಲಂ ಪುಸ್ತಕದಲ್ಲೇ ಉಳಿಯುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯದ ವರದಿ ತಡವಾದರೆ ವಿಚಾರಣೆಯೂ ತಡವಾಗುತ್ತದೆ.

ಬೆಂಬಲ ವ್ಯಕ್ತಿ ಎಂಬ ಕೊಂಡಿ

ಈ ಹಾದಿಯುದ್ದಕ್ಕೂ ಮಗುವಿನ ಜೊತೆಗಿರಬೇಕಾದವರೇ ಬೆಂಬಲ ವ್ಯಕ್ತಿ. ಮಗು ಹಾಗೂ ಪೋಷಕರ ಒಪ್ಪಿಗೆ ಪಡೆದು ಮಕ್ಕಳ ಕಲ್ಯಾಣ ಸಮಿತಿ ಇವರನ್ನು ನೇಮಿಸುತ್ತದೆ. ಪ್ರಕರಣ ಎಲ್ಲಿಗೆ ಬಂದಿದೆ, ನಾಳೆ ನ್ಯಾಯಾಲಯದಲ್ಲಿ ಏನು ನಡೆಯುತ್ತದೆ, ಪರಿಹಾರಕ್ಕೆ ಅರ್ಜಿ ಎಲ್ಲಿ ಎಂಬುದನ್ನು ತಿಳಿಸುವವರು ಇವರೇ. 2020ರ ಪೋಕ್ಸೊ ನಿಯಮಗಳ ಪ್ರಕಾರ, ಇವರ ಸಂಭಾವನೆ ಕುಶಲ ಕಾರ್ಮಿಕರ ಕನಿಷ್ಠ ವೇತನಕ್ಕಿಂತ ಕಡಿಮೆಯಿರುವಂತಿಲ್ಲ. ಆದರೆ ಈ ಹಣ ಬರಬೇಕಾದುದು ಬಾಲನ್ಯಾಯ ನಿಧಿ ಅಥವಾ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಬಳಿಯಿರುವ ಹಣದಿಂದ. 75 ಲಕ್ಷದ ಕಂತಿನಿಂದಲ್ಲ.

ಸುಪ್ರೀಂ ಕೋರ್ಟ್ 2023ರ ಆಗಸ್ಟ್ 18ರಂದು ಉತ್ತರಪ್ರದೇಶಕ್ಕೆ ಸಂಬಂಧಿಸಿದ ಪ್ರಕರಣವೊಂದರಲ್ಲಿ, ಬೆಂಬಲ ವ್ಯಕ್ತಿಯ ನೇಮಕವನ್ನು ಪೋಷಕರ ಇಚ್ಛೆಗೆ ಬಿಟ್ಟು ಕೈತೊಳೆದುಕೊಳ್ಳುವಂತಿಲ್ಲ ಎಂಬ ನಿಲುವು ತಳೆದು, ಅವರ ಆಯ್ಕೆ, ತರಬೇತಿ, ಸಂಭಾವನೆ ಕುರಿತು ನಿರ್ದೇಶನ ನೀಡಿತು. ಅದಕ್ಕೂ ಮೊದಲು, 2022ರ ಜನವರಿಯಲ್ಲಿ, ದುರ್ಬಲ ಸಾಕ್ಷಿಗಳಿಗಾಗಿ ಪ್ರತ್ಯೇಕ ಕೇಂದ್ರಗಳನ್ನು ತೆರೆಯುವಂತೆ ಎಲ್ಲ ಹೈಕೋರ್ಟ್‌ಗಳಿಗೆ ಸೂಚಿಸಿತ್ತು. 2025ರ ಮೇ 15ರಂದು ಪೋಕ್ಸೊ ನ್ಯಾಯಾಲಯಗಳ ಸ್ಥಾಪನೆಗೆ ಅಗ್ರ ಆದ್ಯತೆ ನೀಡುವಂತೆ ಮತ್ತೆ ಆದೇಶಿಸಿತು.

ನ್ಯಾಯಾಲಯಗಳ ಸಂಖ್ಯೆ ಹೆಚ್ಚಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಗುವಿನ ಪಾಲಿಗೆ ಪ್ರಕರಣ ಆರಂಭವಾಗುವುದು ಠಾಣೆಯಲ್ಲಿ, ಆಸ್ಪತ್ರೆಯ ಪರೀಕ್ಷಾ ಕೊಠಡಿಯಲ್ಲಿ. ಇತ್ಯರ್ಥಗೊಂಡ ಪ್ರಕರಣಗಳ ಎಣಿಕೆಯಿಂದ ಮಾತ್ರ ಅನುದಾನದ ಫಲವನ್ನು ಅಳೆದರೆ, ಸಾಕ್ಷಿ ತಿರುಗಿಬಿದ್ದು ಮುಗಿದ ಪ್ರಕರಣವೂ ಸಾಧನೆಯ ಪಟ್ಟಿಗೇ ಸೇರುತ್ತದೆ.

ಪೋಷಕರು ತಿಳಿದಿರಬೇಕಾದುದು

* ದೂರು ದಾಖಲಾದ 24 ಗಂಟೆಗಳೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಬೆಂಬಲ ವ್ಯಕ್ತಿಯನ್ನು ಕೇಳಿ ಪಡೆಯಬಹುದು.
* ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಎಲ್ಲ ಆಸ್ಪತ್ರೆಗಳೂ ಉಚಿತ ಚಿಕಿತ್ಸೆ ನೀಡಬೇಕು. ಹೆಣ್ಣುಮಗುವನ್ನು ವೈದ್ಯೆಯೇ ಪರೀಕ್ಷಿಸಬೇಕು.
* ಆಹಾರ, ಬಟ್ಟೆ, ಪ್ರಯಾಣದಂತಹ ತುರ್ತು ಅಗತ್ಯಗಳಿಗೆ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಸಂದಾಯವಾಗಬೇಕು.
* ತೀರ್ಪಿಗೆ ಕಾಯದೆ ಮಧ್ಯಂತರ ಪರಿಹಾರ ಮಂಜೂರು ಮಾಡಲು ವಿಶೇಷ ನ್ಯಾಯಾಲಯಕ್ಕೆ ಅಧಿಕಾರವಿದೆ.
* ಮಕ್ಕಳ ಸಹಾಯವಾಣಿ: 1098.