ಗಿಟಾರಿನ ಜೊತೆ ಹುಟ್ಟಿದ ಜೋಗುಳ

ಡಿಸೆಂಬರ್ ಬಂತೆಂದರೆ ಚರ್ಚಿನಲ್ಲಿ, ಶಾಲೆಯ ಕಾರ್ಯಕ್ರಮದಲ್ಲಿ, ಪೇಟೆಯ ಅಂಗಡಿಗಳಲ್ಲಿ ತಪ್ಪದೆ ಕಿವಿಗೆ ಬೀಳುವ ಹಾಡು ‘ಸೈಲೆಂಟ್ ನೈಟ್’. ನಮ್ಮಲ್ಲಿ ಹಲವರು ಅದನ್ನು ಇಂಗ್ಲಿಷ್ ಹಾಡೆಂದೇ ತಿಳಿದಿದ್ದಾರೆ. ಅದರ ತಾಯ್ನುಡಿ ಜರ್ಮನ್. ತವರು ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಬಳಿಯ ಓಬರ್ನ್‌ಡಾರ್ಫ್, ಉಪ್ಪಿನ ದೋಣಿ ನಡೆಸುವವರ ಹೊಳೆದಂಡೆಯ ಊರು.

ಹಾಡು ಬರೆದ ಯೋಸೆಫ್ ಮೋರ್ 1792ರಲ್ಲಿ ಹುಟ್ಟಿದವನು. ಮದುವೆಯಾಗದ ಬಡ ತಾಯಿಯ ಮಗ. ಅಂಥವರು ಪಾದ್ರಿಯಾಗಬೇಕಾದರೆ ಆಗ ಧರ್ಮಸಭೆಯಿಂದ ವಿಶೇಷ ಅನುಮತಿ ಬೇಕಿತ್ತು. ಅದನ್ನು ಪಡೆದೇ ಅವನು ಪಾದ್ರಿಯಾದ. 1816ರಲ್ಲಿ ಮರಿಯಾಫಾರ್ ಎಂಬ ಬೆಟ್ಟದೂರಿನಲ್ಲಿದ್ದಾಗ ಆರು ನುಡಿಗಳ ಈ ಪದ್ಯ ಬರೆದ. ನೆಪೋಲಿಯನ್ನನ ಯುದ್ಧಗಳು ಆಗಷ್ಟೇ ಮುಗಿದಿದ್ದವು. ಆ ವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ, ಬೆಳೆ ಹೋಯಿತು, ಜನ ಹಸಿದರು. ಶಾಂತಿಗಾಗಿ ಹಂಬಲಿಸುವ ಪದ್ಯ ಅಂಥ ವರ್ಷದಲ್ಲಿ ಹುಟ್ಟಿತೆಂಬುದನ್ನು ನೆನೆದರೆ ಮನಸ್ಸು ಕರಗುತ್ತದೆ.

ಎರಡು ವರ್ಷದ ನಂತರ, 1818ರ ಡಿಸೆಂಬರ್ 24ರಂದು, ಮೋರ್ ಆ ಪದ್ಯವನ್ನು ಗೆಳೆಯ ಫ್ರಾಂಜ್ ಕ್ಸಾವರ್ ಗ್ರೂಬರ್‌ನ ಕೈಗಿತ್ತ. ಗ್ರೂಬರ್ ನೇಕಾರರ ಮನೆಯ ಮಗ, ಪಕ್ಕದ ಹಳ್ಳಿಯ ಶಾಲಾ ಮೇಷ್ಟ್ರು, ಓಬರ್ನ್‌ಡಾರ್ಫ್ ಚರ್ಚಿನಲ್ಲಿ ಆರ್ಗನ್ ನುಡಿಸುವವನು. ಎರಡು ದನಿ, ಜೊತೆಗೆ ಗಿಟಾರ್. ಅಷ್ಟಕ್ಕೆ ಹೊಂದುವಂತೆ ರಾಗ ಹಾಕಿಕೊಡು ಎಂಬುದು ಮೋರ್‌ನ ಕೋರಿಕೆ. ಅದೇ ರಾತ್ರಿ ಇಬ್ಬರೂ ನಿಂತು ಹಾಡಿದರು. ಗಿಟಾರ್ ಮೋರ್‌ನ ಕೈಯಲ್ಲಿತ್ತು. ಆರ್ಗನ್ನನ್ನು ಇಲಿ ಕಡಿದಿದ್ದರಿಂದ ಗಿಟಾರ್ ಹಿಡಿದರೆಂಬ ಕಥೆ ಬಲು ಜನಪ್ರಿಯ. ಗ್ರೂಬರ್ ಮುಂದೆ ಬರೆದಿಟ್ಟ ಟಿಪ್ಪಣಿಯಲ್ಲಿ ಇಲಿಯೂ ಇಲ್ಲ, ಕೆಟ್ಟ ಆರ್ಗನ್ನೂ ಇಲ್ಲ.

ಕೇಳುವವರನ್ನು ಹಿಡಿದಿಡುವುದು ಇದರ ನಡೆ. ಆರು ಮಾತ್ರೆಗಳ ತೂಗಾಟ. ದಾದ್ರಾ ಬಲ್ಲವರ ಕೈ ತಾನಾಗಿ ತಾಳ ಹಾಕುತ್ತದೆ. ಪಂಚಮದಿಂದ ಹೊರಟು ಧೈವತವನ್ನು ಸೋಕಿ ಗಾಂಧಾರಕ್ಕೆ ಇಳಿಯುವ ಮೊದಲ ಎಳೆ, ತೊಟ್ಟಿಲು ಒಮ್ಮೆ ಹೋಗಿ ಬಂದಂತಿದೆ. ಅದೇ ಎಳೆ ಮರುಕಳಿಸುವುದರಿಂದ ಎರಡನೇ ನುಡಿಯ ಹೊತ್ತಿಗೆ ಮಗುವಿಗೂ ಬಾಯಿಪಾಠ. ಕೊನೆಯ ಸಾಲಿನಲ್ಲಿ ದನಿ ಎಲ್ಲಕ್ಕಿಂತ ಎತ್ತರಕ್ಕೆ ಏರಿ, ಮೆಲ್ಲನೆ ಷಡ್ಜಕ್ಕೆ ಬಂದು ನಿಲ್ಲುತ್ತದೆ. ನನ್ನ ಮಟ್ಟಿಗೆ ಇದು ಮೊದಲು ಜೋಗುಳ, ಆಮೇಲೆ ಕೀರ್ತನೆ.

ಊರು ದಾಟಿಸಿದವರೂ ಸಾಮಾನ್ಯರೇ. ಆರ್ಗನ್ ರಿಪೇರಿಗೆ ಬಂದ ಕಾರ್ಲ್ ಮೌರಾಖರ್ ಇದನ್ನು ಟಿರೋಲ್ ಸೀಮೆಯ ತನ್ನೂರಿಗೆ ಒಯ್ದ. ಅಲ್ಲಿಂದ ಕೈಗವಸು ಮಾರಲು ಲೈಪ್‌ಜಿಗ್ ಸಂತೆಗೆ ಹೋಗುತ್ತಿದ್ದ ಸ್ಟ್ರಾಸರ್ ಮನೆಯ ಅಕ್ಕತಮ್ಮಂದಿರು ಅಲ್ಲಿ ಹಾಡಿದರು. ಹಾಡುಗಾರರಾದ ರೈನರ್ ಕುಟುಂಬ 1839ರಲ್ಲಿ ನ್ಯೂಯಾರ್ಕಿಗೆ ಮುಟ್ಟಿಸಿತು. ಈಗ ಎಲ್ಲೆಡೆ ಹಾಡುವ ಇಂಗ್ಲಿಷ್ ರೂಪ 1859ರದು, ಜಾನ್ ಫ್ರೀಮನ್ ಯಂಗ್ ಮಾಡಿದ್ದು. ಮೊದಲ ಮಹಾಯುದ್ಧದ ಹೊತ್ತು, 1914ರ ಕ್ರಿಸ್‌ಮಸ್ ರಾತ್ರಿ ಫ್ಲಾಂಡರ್ಸ್‌ನ ಕಂದಕಗಳಲ್ಲಿ ಜರ್ಮನ್ ಸೈನಿಕರು ಇದನ್ನು ಹಾಡಿದಾಗ ಎದುರಿನ ಬ್ರಿಟಿಷರ ಕಡೆಯಿಂದಲೂ ಹಾಡು ಕೇಳಿಬಂತು. ಕೆಲವೆಡೆ ಗುಂಡಿನ ಸದ್ದು ನಿಂತಿತು.

ಹಾಡು ಹೀಗೆ ಊರೂರು ಸುತ್ತುತ್ತಿದ್ದಾಗ ಅದನ್ನು ಕಟ್ಟಿದವರ ಹೆಸರು ಉದುರಿಹೋಗಿತ್ತು. ಮಿಖಾಯೆಲ್ ಹೈಡನ್‌ನಂಥ ದೊಡ್ಡ ಸಂಗೀತಗಾರನ ಕೃತಿ ಇರಬೇಕೆಂದು ಜನ ನಂಬಿದ್ದರು. 1854ರಲ್ಲಿ ಬರ್ಲಿನ್ ಅರಮನೆಯ ಸಂಗೀತ ಮಂದಿ ಮೂಲ ಯಾರದೆಂದು ಸಾಲ್ಜ್‌ಬರ್ಗಿಗೆ ಕಾಗದ ಬರೆದು ಕೇಳಿದರು. ಆಗ ಗ್ರೂಬರ್ ನಡೆದದ್ದನ್ನೆಲ್ಲ ಬರೆದುಕೊಟ್ಟ. ಅಷ್ಟರಲ್ಲಿ ಮೋರ್ ತೀರಿಕೊಂಡು ಆರು ವರ್ಷವಾಗಿತ್ತು. ಕೊನೆಯ ದಿನಗಳಲ್ಲಿದ್ದ ವಾಗ್ರೈನ್ ಊರಿನಲ್ಲಿ ಮಕ್ಕಳಿಗೊಂದು ಶಾಲೆ ಕಟ್ಟಿಸಿ, ಬಡವನಾಗಿಯೇ ಹೋದ. 1995ರಲ್ಲಿ ಮೋರ್‌ನ ಕೈಬರಹದ ಪ್ರತಿ ಸಿಕ್ಕಿತು. ಪದ್ಯ 1816ರದು, ರಾಗ ಗ್ರೂಬರ್‌ನದು ಎಂದು ಅದರಲ್ಲಿ ಅವನೇ ಬರೆದಿಟ್ಟಿದ್ದಾನೆ.

ಆ ಗಿಟಾರ್ ಇಂದಿಗೂ ಇದೆ, ಹಲೈನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ. ಈ ಡಿಸೆಂಬರಿನಲ್ಲಿ ಮಕ್ಕಳಿಗೆ ಹಾಡು ಕಲಿಸುವವರು ಒಮ್ಮೆ ಕೀಬೋರ್ಡು, ಸ್ಪೀಕರುಗಳನ್ನು ಬದಿಗಿಟ್ಟು ಎರಡು ದನಿ, ಒಂದು ಗಿಟಾರಿನಲ್ಲಿ ಹಾಡಿಸಿ ನೋಡಿ. ಹಾಡುವ ಮೊದಲು ಆ ಪಾದ್ರಿ ಮತ್ತು ಮೇಷ್ಟ್ರ ಹೆಸರನ್ನು ಮಕ್ಕಳಿಗೆ ಹೇಳಿ.